ರಾಕಿ ಇಳಿದ ಬೊಂಬಾಯಿ, ನಾನು ಇಳಿದ ಬೊಂಬಾಯಿ

ನಾನು ಸಿನಿಮಾ ವಿಮರ್ಶಕನಲ್ಲ. ವಿಮರ್ಶಕರಿಗೆ ಟಿಕೇಟು ಪುಕ್ಕಟೆ ಸಿಗುತ್ತದೆ ಅಂತ ಕೇಳಿದ್ದೇನೆ. ನಾನು ಐವತ್ತು ವರ್ಷಗಳಿಂದ ಕಾಸು ಕೊಟ್ಟು ನೋಡಿದವನು. ಹಾಗಾಗಿ ಒಂದು ಪಿಕ್ಚರ್ ಚೆನ್ನಾಗಿಲ್ಲ ಅನ್ನುವ ಹಕ್ಕು ನನಗೆ ಅವರಿಗಿಂತ ಒಂದು ತೂಕ ಜಾಸ್ತಿಯೇ ಉಂಟು. ಡೊಂಬಿವಲಿಯ ಮನೆಯಿಂದ ಹೊರಟು, ಲೋಕಲ್ಲಿನಲ್ಲಿ ನಿಂತು, ಠಾಣೆಯಲ್ಲೋ ಮುಲುಂಡಿನಲ್ಲೋ ಇಳಿದು, ರಿಕ್ಷಾದವನ ಹತ್ತಿರ ಜಗಳ ಮಾಡಿ, ಮುನ್ನೂರು ರೂಪಾಯಿ ತೆತ್ತು ಕೂತವನಿಗೆ ಬಾಯಿಬಿಟ್ಟು ಮಾತಾಡಲು ಬೇರೆ ಪರವಾನಗಿ ಬೇಕಾ?

ಆದರೆ ಈ ಸಲ ನಾನು ಬಾಯಿ ಬಿಡಲು ಕಾರಣ ನನ್ನ ಮೊಮ್ಮಗ.

2022ರ ಏಪ್ರಿಲ್‌ನಲ್ಲಿ 'ಕೆಜಿಎಫ್'ನ ಎರಡನೇ ಭಾಗ ಬಂತಲ್ಲ, ಆಗ ಅವನಿಗೆ ಹದಿಮೂರು ವರ್ಷ. ಮೊದಲನೇ ಭಾಗವನ್ನು ಟೀವಿಯಲ್ಲಿ ಹಿಂದಿಯಲ್ಲಿ ಎಷ್ಟು ಸಲ ನೋಡಿದ್ದನೋ ಲೆಕ್ಕವಿಲ್ಲ. ಎರಡನೆಯದನ್ನು ಗೆಳೆಯರ ಜೊತೆ ಹೋಗಿ ನೋಡಿ ಬಂದ. ರಾತ್ರಿ ಊಟಕ್ಕೆ ಕೂತಾಗ ಕೇಳಿದ: 'ಅಜ್ಜಾ, ನೀನೂ ಸಣ್ಣವನಿರುವಾಗ ಒಬ್ಬನೇ ಬೊಂಬಾಯಿಗೆ ಬಂದದ್ದಲ್ವಾ? ರಾಕಿ ಥರಾ?'

ಸೊಸೆ ನಕ್ಕಳು. ಮಗನೂ ನಕ್ಕ. ನಾನೂ ನಕ್ಕೆ. ಆಮೇಲೆ ನನಗೆ ನಿದ್ದೆ ಬರಲಿಲ್ಲ.

ಬಂದದ್ದು ಹೌದು. 1973ರಲ್ಲಿ, ನನ್ನ ಹದಿಮೂರನೇ ವಯಸ್ಸಿನಲ್ಲಿ. ಆಗ ಕೊಂಕಣ ರೈಲು ಎಲ್ಲಿತ್ತು? ಕುಂದಾಪುರದಿಂದ ಬಸ್ಸಿನಲ್ಲಿ ವಾಂತಿ ಮಾಡುತ್ತಾ, ದೂರದ ಸಂಬಂಧದ ಮಾವನೊಬ್ಬನ ಹಿಂದೆ ಬಂದು ಸಾಯನ್ನಿನಲ್ಲಿ ಇಳಿದೆ. ಮರುದಿನ ಬೆಳಿಗ್ಗೆ ಐದಕ್ಕೆ ಹೋಟೆಲಿನ ಮೋರಿಯ ಎದುರು ಕುಕ್ಕರುಗಾಲಲ್ಲಿ ಕೂತು ಕಪ್ಪು-ಬಸಿ ತೊಳೆಯುತ್ತಿದ್ದೆ. ಆರು ತಿಂಗಳಾದ ಮೇಲೆ ಬಡ್ತಿ ಸಿಕ್ಕಿತು, ಮೇಜು ಒರೆಸುವ ಕೆಲಸ. ಸಂಜೆ ಕನ್ನಡ ರಾತ್ರಿ ಶಾಲೆ. ಎಸ್ಸೆಸ್ಸಿ ಆಯಿತು, ಒಂದು ಕಂಪೆನಿಯಲ್ಲಿ ಗುಮಾಸ್ತಿಕೆ ಸಿಕ್ಕಿತು, ಮದುವೆ ಆಯಿತು, ಡೊಂಬಿವಲಿಯಲ್ಲಿ ಒಂದು ರೂಮು, ಆಮೇಲೆ ಎರಡು. ಇಷ್ಟೇ ಕತೆ. ಇದನ್ನು ನಾನು ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಹೇಳಲು ಎಂತದುಂಟು, ನಮ್ಮ ಊರಿನ ಅರ್ಧಕ್ಕರ್ಧ ಜನರ ಕತೆಯೇ ಇದು ಅಂತ ಅಸಡ್ಡೆ. ಸ್ವಲ್ಪ ನಾಚಿಕೆಯೂ ಇತ್ತು ಅನ್ನಿ. ಹೇಳದೆ ಬಿಟ್ಟ ಜಾಗ ಖಾಲಿ ಉಳಿಯುವುದಿಲ್ಲ ಮಾರಾಯ್ರೆ. ಅಲ್ಲಿ ಯಶ್ ಬಂದು ಕೂತಿದ್ದ.

ಈಗ ಪಿಕ್ಚರಿನ ಬಗ್ಗೆ. 'ಕೆಜಿಎಫ್' ಕೆಟ್ಟ ಸಿನಿಮಾ ಅಂತ ನಾನು ಹೇಳುವುದಿಲ್ಲ. ಮೊದಲ ಭಾಗ 2018ರ ಡಿಸೆಂಬರ್ 21ರಂದು ಬಂದಾಗ ಅದೇ ದಿನ ಶಾರುಕ್ ಖಾನನ 'ಝೀರೋ'ವೂ ಇತ್ತು. ಆಫೀಸಿನಲ್ಲಿ ಪಕ್ಕದ ಮೇಜಿನವನು 'ತುಮ್ಹಾರೆ ಮೇಂ ಪಿಕ್ಚರ್ ಬನತಾ ಹೈ ಕ್ಯಾ?' ಅಂತ ನಲವತ್ತು ವರ್ಷ ಕೇಳಿದ್ದನ್ನು ಆ ವಾರ ನಿಲ್ಲಿಸಿದ. ಎರಡನೇ ಭಾಗದ ಹಿಂದಿ ಆವೃತ್ತಿಯೊಂದೇ ನಾನೂರು ಕೋಟಿ ದಾಟಿದಾಗ ಕನ್ನಡಿಗ ಅಂತ ಹೇಳಿಕೊಳ್ಳಲು ಎದೆ ಅರ್ಧ ಇಂಚು ಮುಂದೆ ಬಂದದ್ದೂ ನಿಜ. ಪ್ರಶಾಂತ್ ನೀಲ್‌ಗೆ ಕಣ್ಣು ಮಿಟುಕಿಸಲು ಬಿಡದೆ ಕತೆ ಹೇಳುವುದು ಗೊತ್ತುಂಟು. ಮೊದಲ ಭಾಗದಲ್ಲಿ ರಾಕಿ ರಸ್ತೆಯ ಮಧ್ಯೆ ಗಾಡಿಗಳನ್ನೆಲ್ಲ ನಿಲ್ಲಿಸಿ, ಮಗುವನ್ನೆತ್ತಿಕೊಂಡ ಹೆಂಗಸೊಬ್ಬಳ ಕೈಜಾರಿ ಬಿದ್ದ ಪಾವನ್ನು ಎತ್ತಿಕೊಡುತ್ತಾನಲ್ಲ, ಅಲ್ಲಿ ನನ್ನ ಗಂಟಲೂ ಕಟ್ಟಿತು. ಬೊಂಬಾಯಿಯಲ್ಲಿ ಹಸಿದವನಿಗೆ ಪಾವಿನ ಬೆಲೆ ಗೊತ್ತು.

ಆದರೆ ಆ ಒಂದು ಪಾವು ಬಿಟ್ಟರೆ ಅದರಲ್ಲಿ ಬೊಂಬಾಯಿಯೇ ಇಲ್ಲ. ಹಡಗುಕಟ್ಟೆ, ಬಂದೂಕು, ಬೂಟ್ ಪಾಲಿಶ್, ಡಾನ್‌ಗಳು. ಹಿಂದಿ ಸಿನಿಮಾದವರು ಅಮಿತಾಭ್ ಕಾಲದಲ್ಲಿ ಕಟ್ಟಿ ಬಿಟ್ಟುಹೋದ ಸೆಟ್ಟಿಗೆ ನಮ್ಮವರು ಹೊಸ ಬಣ್ಣ ಬಳಿದರು ಅಷ್ಟೆ. ಕರ್ನಾಟಕದಿಂದ ಸಾವಿರಾರು ಹುಡುಗರು ನಿಜವಾಗಿಯೂ ಒಬ್ಬೊಬ್ಬರೇ ಬಂದ ಊರು ಇದು. ಕನ್ನಡದವರು ಬೊಂಬಾಯಿಗೆ ಹುಡುಗನೊಬ್ಬನನ್ನು ಕಳಿಸುವ ದೊಡ್ಡ ಪಿಕ್ಚರ್ ಮಾಡಿದಾಗ ಅವನ ಕೈಗೆ ಸುತ್ತಿಗೆ ಕೊಟ್ಟರು, ಬಂದೂಕು ಕೊಟ್ಟರು. ಒದ್ದೆ ಬಟ್ಟೆ ಕೊಡಲಿಲ್ಲ. ನನ್ನ ತಕರಾರು ಇಷ್ಟೇ.

ಇನ್ನೊಂದು ತಮಾಷೆ ನೋಡಿ. ಮೊದಲ ಭಾಗವನ್ನು ಕನ್ನಡದಲ್ಲಿ ನೋಡಿದರೆ ಕತೆ ಹೇಳುವ ಸ್ವರ ಅನಂತನಾಗರದು. ಅವರೂ ಹುಡುಗನಾಗಿದ್ದಾಗಲೇ ಈ ಊರಿಗೆ ಬಂದವರು. ಇಲ್ಲಿಯ ನಾಟಕಗಳಲ್ಲಿ ಪಳಗಿ, ಬೆನಗಲ್ಲರ 'ಅಂಕುರ್'ನಲ್ಲಿ ಕಾಣಿಸಿಕೊಂಡವರು. ಒಬ್ಬ ಅಸಲಿ ಬೊಂಬಾಯಿ ಹುಡುಗ ಪರದೆಯ ಹಿಂದೆ ಕೂತು ನಕಲಿ ಬೊಂಬಾಯಿ ಹುಡುಗನ ಕತೆ ಹೇಳಿದ ಹಾಗಾಯಿತು.

ನಮ್ಮ ಕಾಲದಲ್ಲಿ ಕನ್ನಡ ಸಿನಿಮಾ ಅಂದರೆ ಭಾನುವಾರ ಬೆಳಗಿನ ಆಟ. ಸಂಘದವರು ಯಾವುದಾದರೂ ಟಾಕೀಸನ್ನು ಬಾಡಿಗೆಗೆ ಹಿಡಿಯುತ್ತಿದ್ದರು. ಡಬ್ಬ ಊರಿಂದ ಬರಬೇಕು, ರೀಲು ಹತ್ತು ಕಡೆ ತುಂಡಾಗಿರುತ್ತಿತ್ತು. 'ಬಂಗಾರದ ಮನುಷ್ಯ'ವನ್ನು ನಾನು ನೋಡಿದ್ದು ಹಾಗೆ. ಹಿಂದಿನ ಸಾಲು ತುಂಬ ಹೋಟೆಲ್ ಮಾಣಿಗಳು. ಪೇಟೆ ಬಿಟ್ಟು ಹಳ್ಳಿಗೆ ಹೋಗಿ ಬಂಜರು ನೆಲ ಹಸನು ಮಾಡಿ ಅಂತ ರಾಜ್‌ಕುಮಾರ್ ಹೇಳಿದ್ದನ್ನು ಕೇಳಿ ನಾವೆಲ್ಲ ಗೊಳೋ ಅಂತ ಅತ್ತು, ಹನ್ನೆರಡು ಗಂಟೆಯ ಊಟದ ಗಿರಾಕಿಗಳಿಗೆ ತಡವಾಯಿತು ಅಂತ ಓಡೋಡಿ ಹೋಟೆಲಿಗೆ ವಾಪಸು ಬಂದೆವು. ಹಳ್ಳಿಗೆ ಹೋಗಲು ನಮಗೆ ನೆಲ ಎಲ್ಲಿತ್ತು? ಇದ್ದಿದ್ದರೆ ಬರುತ್ತಿದ್ದೆವಾ?

ನೆಲದ ಮಾತು ಬಂತಲ್ಲ, 'ಕಾಂತಾರ'ದ ವಿಷಯಕ್ಕೆ ಬರುತ್ತೇನೆ. ಕನ್ನಡದ್ದು 2022ರ ಸೆಪ್ಟೆಂಬರ್ 30ಕ್ಕೆ ಬಂತು, ಹಿಂದಿಯದ್ದು ಎರಡು ವಾರ ಬಿಟ್ಟು. ಕನ್ನಡದ್ದನ್ನು ಮುಲುಂಡಿನಲ್ಲಿ ರಾತ್ರಿ ಆಟಕ್ಕೆ ಹೋಗಿ ನೋಡಿದೆ. ಐವತ್ತು ವರ್ಷದಲ್ಲಿ ಮೊದಲ ಸಲ ಈ ಊರಿನ ಪರದೆಯ ಮೇಲೆ ನಮ್ಮ ಕಡೆಯ ಮಾತು ಕೇಳಿದೆ. ಪುಸ್ತಕದ ಕನ್ನಡ ಅಲ್ಲ, ಬೆಂಗಳೂರು ಕನ್ನಡವೂ ಅಲ್ಲ, ಕುಂದಾಪುರದ ಗಾಳಿ ತಾಗಿದ ಕನ್ನಡ. ಪಕ್ಕದಲ್ಲಿ ಕೂತ ಅಪರಿಚಿತರೊಬ್ಬರು ಇಂಟರ್ವಲ್ಲಿನಲ್ಲಿ 'ನೀವ್ ಯಾವ್ ಬದಿಯರ್?' ಅಂತ ಕೇಳಿದರು. ಪಾಪ್‌ಕಾರ್ನ್ ಅರ್ಧ ನನ್ನ ಕೈಗೇ ಸುರಿದರು.

ಮುಂದಿನ ತಿಂಗಳು ಮೊಮ್ಮಗನ ಜೊತೆ ಹಿಂದಿಯದ್ದನ್ನೂ ನೋಡಿದೆ. ಆ ಮಾತು ಅಷ್ಟೂ ಹೋಗಿತ್ತು. ಎಲ್ಲರೂ ಒಂದೇ ಥರದ ಹಿಂದಿ, ಗುತ್ತಿನವನೂ ಅದೇ, ಕಾಡಿನವನೂ ಅದೇ. ಉಳಿದದ್ದು ಒಂದೇ, ದೈವದ ಕೂಗು. ಅದನ್ನು ಡಬ್ ಮಾಡಲು ಯಾರಿಗೂ ಆಗಲಿಲ್ಲ. ಕೊನೆಯ ಇಪ್ಪತ್ತು ನಿಮಿಷ ಎರಡು ಭಾಷೆಯಲ್ಲೂ ಒಂದೇ. ಮಾತಿಲ್ಲದೆ ಊರವರ ಕೈ, ಅರಣ್ಯ ಅಧಿಕಾರಿಯ ಕೈ ಎಲ್ಲವನ್ನೂ ಒಟ್ಟು ಸೇರಿಸಿ ಎದೆಗೊತ್ತಿಕೊಳ್ಳುವ ಆ ದೃಶ್ಯಕ್ಕಾಗಿ ರಿಷಬ್ ಶೆಟ್ಟಿಗೆ ರಾಷ್ಟ್ರಪ್ರಶಸ್ತಿ ಕೊಟ್ಟದ್ದು ನ್ಯಾಯವೇ.

ಹಾಗಂತ ತಪ್ಪು ಮುಚ್ಚಿಡುವುದಿಲ್ಲ. ನಾಯಕ ಹುಡುಗಿಯ ಸೊಂಟ ಚಿವುಟುವುದನ್ನು ಹಾಸ್ಯ ಅಂತ ತೋರಿಸಿದ್ದು ನನ್ನ ಸೊಸೆಗೆ ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ. ಲೀಲಾ ಅರಣ್ಯ ಇಲಾಖೆಯ ಕೆಲಸಕ್ಕೆ ಸೇರಿದವಳು. ಊರು ಒಂದು ಕಡೆ, ಸಂಬಳ ಒಂದು ಕಡೆ. ಅವಳ ಸಂಕಟದಲ್ಲೇ ಒಂದು ದೊಡ್ಡ ಸಿನಿಮಾ ಇತ್ತು. ಅದನ್ನು ಅರ್ಧಕ್ಕೆ ಬಿಟ್ಟು ಹೊಡೆದಾಟಕ್ಕೆ ಹೋದರು. ಇನ್ನೊಂದು. ದೈವಕ್ಕೆ ಕೊಟ್ಟ ನೆಲವನ್ನು ವಾಪಸು ಕೇಳಲು ಹೋದ ಯಜಮಾನ ಕೋರ್ಟಿನ ಮೆಟ್ಟಿಲಲ್ಲಿ ರಕ್ತ ಕಾರಿ ಸಾಯುತ್ತಾನಲ್ಲ, ಆಗ ನಮ್ಮ ಥಿಯೇಟರಿನಲ್ಲಿ ಶಿಳ್ಳೆ ಬೀಳಲಿಲ್ಲ, ಒಂಥರಾ ಕೆಮ್ಮು ಬಂತು. ಕಾರಣ ನನಗೆ ಗೊತ್ತುಂಟು. ಅಲ್ಲಿ ಕೂತ ಹಲವರ ಪಾಲುಪಟ್ಟಿ ಕೇಸು ಊರಿನ ಕೋರ್ಟಿನಲ್ಲಿ ನಡೆಯುತ್ತಿರಬಹುದು. ನನ್ನದೂ ನಡೆಯುತ್ತಿದೆ. ವರ್ಷಕ್ಕೊಮ್ಮೆ ಕೋಲಕ್ಕೆ ಊರಿಗೆ ಹೋಗಿ ದೈವದ ಎದುರು ಕೈಮುಗಿದು, ಮರುದಿನ ವಕೀಲರ ಮನೆಗೆ ಹೋಗುವವರು ನಾವು. ಸಿನಿಮಾ ನಮ್ಮನ್ನು ಹೊಗಳುತ್ತಿದೆ ಅಂತ ತಿಳಿದು ಹೋದವರಿಗೆ ಅದು ಕೇಳಿದ ಪ್ರಶ್ನೆ ಬೇರೆ. ಒಳ್ಳೆಯ ಸಿನಿಮಾ ಅಂದರೆ ಅದೇ.

2025ರ ಅಕ್ಟೋಬರ್ 2ಕ್ಕೆ ಬಂದ 'ಕಾಂತಾರ ಚಾಪ್ಟರ್ 1' ಆ ಪ್ರಶ್ನೆ ಕೇಳಲಿಲ್ಲ. ಕದಂಬರ ಕಾಲ, ಅರಮನೆ, ರಥ, ಯುದ್ಧ. ರುಕ್ಮಿಣಿ ವಸಂತ್ ಚೆನ್ನಾಗಿ ಮಾಡಿದ್ದಾಳೆ. ದುಡ್ಡು ಹಾಕಿದ್ದು ಕಣ್ಣಿಗೆ ಕಾಣುತ್ತದೆ. ಆದರೆ ಕೋಲದಲ್ಲಿ ದೈವ ಮೈಮೇಲೆ ಬರುವ ಮೊದಲು ಒಂದು ಮೌನ ಉಂಟಲ್ಲ, ಹುಲ್ಲು ಅಲ್ಲಾಡಿದರೂ ಕೇಳುವಂಥದ್ದು, ಅದು ಇದರಲ್ಲಿ ಎಲ್ಲೋ ಕಳೆದುಹೋಯಿತು. ಸ್ಪೀಕರಿನ ಸದ್ದಿಗೆ ನನ್ನ ಕಿವಿಯಂತೂ ಎರಡು ದಿನ ಗುಂಯ್ ಅಂತಿತ್ತು. ದೈವ ದೊಡ್ಡದಾಯಿತು, ಊರು ಸಣ್ಣದಾಯಿತು.

ಅದಕ್ಕಿಂತ ಎರಡು ತಿಂಗಳು ಮುಂಚೆ ಬಂದ 'ಸು ಫ್ರಮ್ ಸೋ' ನನ್ನನ್ನು ಗೆದ್ದಿತು. ಜೆ. ಪಿ. ತುಮಿನಾಡು ಬರೆದು, ನಿರ್ದೇಶಿಸಿ, ತಾನೇ ಅಶೋಕನಾಗಿದ್ದಾರೆ. ಮಾಡಬಾರದ್ದು ಮಾಡಿ ಸಿಕ್ಕಿಬಿದ್ದ ಹುಡುಗನೊಬ್ಬ ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂತು ಅಂತ ನಾಟಕ ಮಾಡುತ್ತಾನೆ. ಸತ್ತ ಹೆಂಗಸೊಬ್ಬಳು, ಸೋಮೇಶ್ವರದ ಸುಲೋಚನ, ಅವನ ಮೈಮೇಲೆ ಬಂದಿದ್ದಾಳೆ ಅಂತ ಊರು ನಂಬುತ್ತದೆ. ರವಿಯಣ್ಣನಂಥವರು ನಮ್ಮ ಪ್ರತಿ ಊರಲ್ಲೂ ಒಬ್ಬೊಬ್ಬರು ಇದ್ದಾರೆ, ಎಲ್ಲದಕ್ಕೂ ಮುಂದೆ ನಿಲ್ಲುವವರು, ಸ್ವಂತದ್ದೇನೂ ಇಲ್ಲದವರು. ನಗಿಸುತ್ತಾ ನಗಿಸುತ್ತಾ ಸುಲೋಚನಳ ಮಗಳ ಕಷ್ಟಕ್ಕೆ ಕತೆ ತಿರುಗಿದಾಗ, ಬದುಕಿರುವ ಹೆಂಗಸಿನ ಮಾತಿಗಿಂತ ದೆವ್ವದ ಮಾತಿಗೆ ಊರಲ್ಲಿ ಬೆಲೆ ಜಾಸ್ತಿ ಅನ್ನುವುದು ಭಾಷಣವಿಲ್ಲದೆ ಗೊತ್ತಾಗುತ್ತದೆ. ಮೊಮ್ಮಗ ನನ್ನ ಪಕ್ಕದಲ್ಲಿ ಕೂತು ನಗುತ್ತಿದ್ದ. ಒಂದು ಕಡೆ ಕೆಳಗಿನ ಇಂಗ್ಲಿಷ್ ಅಕ್ಷರ ಬರುವ ಮೊದಲೇ ನಕ್ಕ. ಅದನ್ನು ನಾನು ಗಮನಿಸಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೋಟೆಲಿನ ಬಗ್ಗೆ ಯಾರೂ ಮಾಡೇ ಇಲ್ಲವಾ ಅಂದರೆ, 2024ರ 'ಶಾಖಾಹಾರಿ' ಉಂಟು. ಮಲೆನಾಡಿನ ಸಣ್ಣ ಹೋಟೆಲಿನ ಸುಬ್ಬಣ್ಣನಾಗಿ ರಂಗಾಯಣ ರಘು. ಒಲೆ, ಹೊಗೆ, ಒಬ್ಬಂಟಿ ಭಟ್ಟನ ಬೆನ್ನು, ಎಲ್ಲ ಸರಿಯಾಗಿತ್ತು. ಆದರೆ ನಮ್ಮವರಿಗೆ ಭಟ್ಟ ಸುಮ್ಮನೆ ಭಟ್ಟನಾಗಿದ್ದರೆ ಸಾಲದು, ಒಂದು ಕೊಲೆ ಬೇಕು.

ಮತ್ತೆ 2024ರ ನವೆಂಬರ್‌ನಲ್ಲಿ 'ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್' ಬಂತು. ಪಾಯಲ್ ಕಪಾಡಿಯಾ ಅವರದ್ದು, ಆ ವರ್ಷ ಕಾನ್‌ನಲ್ಲಿ ಗ್ರಾಂಡ್ ಪ್ರಿ ಪಡೆದದ್ದು. ಕೇರಳದಿಂದ ಬಂದ ಇಬ್ಬರು ನರ್ಸ್‌ಗಳು, ಆಸ್ಪತ್ರೆಯ ಅಡುಗೆಯ ಪಾರ್ವತಿ. ಬಿಲ್ಡರ್ ಬಂದು ಮನೆ ಬಿಡು ಅಂದರೆ, ಇಷ್ಟು ವರ್ಷ ಇಲ್ಲೇ ಇದ್ದೆ ಅಂತ ತೋರಿಸಲು ಪಾರ್ವತಿಯ ಹತ್ತಿರ ಒಂದು ಕಾಗದವೂ ಇಲ್ಲ. ಮಳೆ, ಲೋಕಲ್ಲು, ಇನ್ನೊಬ್ಬರ ಜೊತೆ ಹಂಚಿಕೊಂಡ ರೂಮು. ಡಾನ್ ಇಲ್ಲ, ಬಂದೂಕು ಇಲ್ಲ. ನಡುನಡುವೆ ನಿಧಾನ ಆಯಿತು, ಕಡಲ ಬದಿಗೆ ಹೋದ ಮೇಲೆ ನನಗೆ ಸ್ವಲ್ಪ ಆಕಳಿಕೆಯೂ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಹೊರಗೆ ಬಂದಾಗ ನನಗೆ ಆದದ್ದು ಹೊಟ್ಟೆಕಿಚ್ಚು. ಶುದ್ಧ ಹೊಟ್ಟೆಕಿಚ್ಚು. ಮಲಯಾಳಿಗಳಿಗೆ ಅವರ ಬೊಂಬಾಯಿ ಸಿಕ್ಕಿತು. ನಮಗೆ?

ಕತೆ ಇಲ್ಲ ಅಂತ ಹೇಳುವ ಹಾಗಿಲ್ಲ. ಚಿತ್ತಾಲರ 'ಶಿಕಾರಿ' ಈ ಊರಿನದ್ದೇ. ವ್ಯಾಸರಾಯ ಬಲ್ಲಾಳರ 'ಬಂಡಾಯ' ಇಲ್ಲಿಯ ಕಾರ್ಮಿಕರದ್ದೇ. ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ಇಂಗ್ಲಿಷಿಗೆ ಹೋಗಿ 2018ನೇ ಸಾಲಿನ ಡಿಎಸ್‌ಸಿ ಬಹುಮಾನವನ್ನೇ ತಂದವು. ಕ್ಯಾಮೆರಾ ಹಿಡಿಯುವವರು ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಗುರುದತ್ತರ 'ಪ್ಯಾಸಾ'ಕ್ಕೆ ಬೆಳಕು ಕೊಟ್ಟ ವಿ. ಕೆ. ಮೂರ್ತಿ ಮೈಸೂರಿನವರು. ನಾವು ಇನ್ನೊಬ್ಬರ ಕತೆಗೆ ಬೆಳಕು ಹಿಡಿದೆವು, ಊಟ ಬಡಿಸಿದೆವು. ನಮ್ಮ ಕತೆಯನ್ನು ಮನೆಯಲ್ಲೂ ಹೇಳಲಿಲ್ಲ.

ಹಾಗಾಗಿ ಮೊನ್ನೆ ಒಂದು ಭಾನುವಾರ ಮೊಮ್ಮಗನನ್ನು ಕರೆದುಕೊಂಡು ಮಾಟುಂಗಕ್ಕೆ ಹೋದೆ. ಒಂದು ಉಡುಪಿ ಹೋಟೆಲಿನಲ್ಲಿ ಕೂತು, ಮೋರಿಯಿಂದ ಶುರುಮಾಡಿ ಎಲ್ಲ ಹೇಳಿದೆ. ಚಳಿಗಾಲದಲ್ಲಿ ಬೆರಳ ಸಂದು ಒಡೆಯುತ್ತಿದ್ದದ್ದು, ರಾತ್ರಿ ಅದೇ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದದ್ದು, ಕಪ್ಪು ಒಡೆದರೆ ಪಗಾರದಲ್ಲಿ ಮುರಿಯುತ್ತಿದ್ದದ್ದು. ಹುಡುಗ ದೋಸೆ ಬಿಟ್ಟು ಕೇಳಿದ. ಮುಗಿದ ಮೇಲೆ ಅವನು ನನ್ನನ್ನು ನೋಡಲಿಲ್ಲ, ಪಕ್ಕದ ಮೇಜು ಒರೆಸುತ್ತಿದ್ದ ಹುಡುಗನನ್ನು ನೋಡಿದ. ಹೆಚ್ಚುಕಡಿಮೆ ಇವನದೇ ವಯಸ್ಸು. ಊರು ಯಾವುದು ಅಂತ ಹಿಂದಿಯಲ್ಲಿ ಕೇಳಿದ. ಬಿಹಾರದ ದರ್ಭಂಗಾ ಅಂತೆ.

'ಅಜ್ಜಾ, ಇವನ ಪಿಕ್ಚರ್ ಮಾಡಿದರೆ ಗಲ್ಲಾದಲ್ಲಿ ಕೂತವರು ಯಾರಾಗ್ತಾರೆ?' ಅಂದ.

ಗಲ್ಲಾದಲ್ಲಿ ಕೂತವರು ನಮ್ಮವರೇ. ನನ್ನ ಪರಿಚಯದವರೇ. ನಾನು ಉತ್ತರ ಕೊಡಲಿಲ್ಲ. ಬಿಲ್ಲು ಕೊಟ್ಟು, ಆ ಹುಡುಗನ ಹೆಸರು ಕೇಳಿಕೊಂಡು ಎದ್ದು ಬಂದೆ.