ಹೆಸರಿನಲ್ಲಿ ಒಬ್ಬರು, ನಾದದಲ್ಲಿ ಐವರು

ರಜೆಗೆ ಬಂದಿದ್ದ ಮಗ ಕೋಣೆಯಲ್ಲಿ ಏನೋ ಸಂಗೀತ ಹಾಕಿದ್ದ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ನಾನು, “ಏನೋ ಅದು, ಪಾತ್ರೆ ಅಂಗಡಿ ಮಗುಚಿಬಿದ್ದ ಹಾಗಿದೆಯಲ್ಲೋ!” ಎಂದೆ. “ಅಮ್ಮ, ಇದರ ಹೆಸರು ಮಹಾವಿಷ್ಣು ಆರ್ಕೆಸ್ಟ್ರಾ” ಎಂದ. ಹಾಲ್ಗಡಲಲ್ಲಿ ಮಲಗಿದ ಮಹಾವಿಷ್ಣುವಿಗೂ ಈ ಗದ್ದಲಕ್ಕೂ ಎತ್ತಣ ಸಂಬಂಧ ಎಂದು ರೇಗಿತು. ಆದರೂ ಹೆಸರಿನ ಕುತೂಹಲಕ್ಕೆ ಹೋಗಿ ಕುಳಿತೆ.

ಇದು 1971ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ವಾದ್ಯವೃಂದ. ಅದೇ ವರ್ಷ ಬಂದ ಇವರ ಮೊದಲ ಧ್ವನಿಮುದ್ರಿಕೆ ‘ದಿ ಇನ್ನರ್ ಮೌಂಟಿಂಗ್ ಫ್ಲೇಮ್’. ಒಳಗಿನಿಂದ ಮೇಲೇರುವ ಜ್ವಾಲೆ ಎನ್ನಬಹುದು. ವೃಂದ ಕಟ್ಟಿದವರು ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್. ಮಹಾವಿಷ್ಣು ಎಂಬುದು ಅವರ ಗುರು, ಬಂಗಾಳದ ಶ್ರೀ ಚಿನ್ಮಯ್, ಅವರಿಗೆ ಕೊಟ್ಟ ಹೆಸರು. ಜೊತೆಗಾರರು ನಾಲ್ವರು: ಪನಾಮದಲ್ಲಿ ಹುಟ್ಟಿದ ಬಿಲ್ಲಿ ಕಾಬ್‌ಹ್ಯಾಮ್ ಡ್ರಮ್ಸಿಗೆ, ಐರ್ಲೆಂಡಿನ ರಿಕ್ ಲೇರ್ಡ್ ಬೇಸ್ ಗಿಟಾರಿಗೆ, ಪ್ರಾಗ್ ನಗರದ ಯಾನ್ ಹ್ಯಾಮರ್ ಕೀಬೋರ್ಡಿಗೆ, ಅಮೆರಿಕದ ಜೆರ್ರಿ ಗುಡ್‌ಮನ್ ಪಿಟೀಲಿಗೆ. ಜಾಝ್‌ನ ಮನೋಧರ್ಮವನ್ನೂ ರಾಕ್ ಸಂಗೀತದ ಅಬ್ಬರವನ್ನೂ ಬೆಸೆದ ಎಂಟು ರಚನೆಗಳು ಇದರಲ್ಲಿವೆ. ಎಲ್ಲ ಸೇರಿ ಮುಕ್ಕಾಲು ಗಂಟೆ. ಸಾಹಿತ್ಯವಿಲ್ಲ, ಹಾಡುವವರಿಲ್ಲ.

ಮೊದಲ ಸಲ ತಲೆನೋವು ಬಂದದ್ದು ನಿಜ. ಎರಡನೆಯ ಸಲ ಅಭ್ಯಾಸಬಲದಿಂದ ಬೆರಳೆಣಿಸತೊಡಗಿದೆ. ‘ಡಾನ್’ ಏಳರ ಎಣಿಕೆಯಲ್ಲಿ ನಡೆಯುತ್ತದೆ. ನಮ್ಮ ಮಿಶ್ರಛಾಪು ಕೇಳಿದ ಕಿವಿಗೆ ಏಳು ಹೊಸದೇನಲ್ಲ. ‘ದಿ ಡಾನ್ಸ್ ಆಫ್ ಮಾಯಾ’ದ್ದು ಹತ್ತರ ಲೆಕ್ಕ. ಗಿಟಾರು ಒಂದು ಸುತ್ತು ಹೆಣೆಯುತ್ತದೆ. ನಡುವೆ ಕರಿಯರ ಬ್ಲೂಸ್ ಧಾಟಿಯ ಬೇರೊಂದು ನಡೆ ಬರುತ್ತದೆ. ಎರಡಕ್ಕೂ ಸಂಬಂಧವೇ ಇಲ್ಲ ಎಂದುಕೊಳ್ಳುವಷ್ಟರಲ್ಲಿ, ಕೊನೆಯಲ್ಲಿ ಎರಡನ್ನೂ ಒಂದರ ಮೇಲೊಂದು ಕೂರಿಸಿಬಿಡುತ್ತಾರೆ. ಗದ್ದಲವೆಂದು ನಾನು ಬೈದದ್ದರ ಒಳಗೆ ಇಷ್ಟು ಕಟ್ಟುನಿಟ್ಟಿನ ಲೆಕ್ಕಾಚಾರವಿತ್ತು.

ನನ್ನನ್ನು ಗೆದ್ದದ್ದು ಮಾತ್ರ ನಾಲ್ಕನೆಯ ರಚನೆ, ‘ಎ ಲೋಟಸ್ ಆನ್ ಐರಿಶ್ ಸ್ಟ್ರೀಮ್ಸ್’. ಡ್ರಮ್ಸ್ ಸುಮ್ಮನಾಗುತ್ತದೆ. ವಿದ್ಯುತ್ತಿಲ್ಲದ ಗಿಟಾರು, ಪಿಟೀಲು, ಪಿಯಾನೊ, ಇಷ್ಟೇ. ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯುತ್ತಾರೆ. ಇದನ್ನು ಕೇಳಿದ ಮೇಲೆ ಉಳಿದ ಏಳರ ಅಬ್ಬರದಲ್ಲೂ ಆ ಕಾಯುವಿಕೆ ಕೇಳಿಸತೊಡಗಿತು. ಎಲ್ಲ ಕಡೆಯೂ ಅಲ್ಲ. ಕಡೆಯ ‘ಅವೇಕನಿಂಗ್’ನಲ್ಲಿ ವೇಗವೇ ಗುರಿಯಾಗಿಬಿಟ್ಟಿದೆ, ಎಚ್ಚರ ಎಂಬ ಹೆಸರಿಗೆ ಆ ಓಟ ಒಪ್ಪುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಎಂಟೂ ರಚನೆಗಳ ಕರ್ತೃ ಎಂದು ಅಚ್ಚಾಗಿರುವುದು ಮೆಕ್‌ಲಾಫ್ಲಿನ್ ಹೆಸರೊಂದೇ. ರಾಗ, ಲೆಕ್ಕ ಅವರದೇ ಇರಬಹುದು. ಆದರೆ ಕಾಬ್‌ಹ್ಯಾಮ್ ಕೈಯಿಲ್ಲದೆ, ಗುಡ್‌ಮನ್ ಕಮಾನಿಲ್ಲದೆ ಆ ಜ್ವಾಲೆ ಎಲ್ಲಿ ಏಳುತ್ತಿತ್ತು? ಮನಸ್ತಾಪ ಬೆಳೆದದ್ದರಲ್ಲಿ ಇದೂ ಸೇರಿತ್ತು. 1973ರಲ್ಲಿ ಲಂಡನ್ನಿನಲ್ಲಿ ಮಾಡಿದ ಮುದ್ರಣದಲ್ಲಿ ಹ್ಯಾಮರ್, ಗುಡ್‌ಮನ್, ಲೇರ್ಡ್ ಅವರ ರಚನೆಗಳೂ ಇದ್ದವು. ಅದು ಆಗ ಹೊರಬರಲಿಲ್ಲ. ಆ ವರ್ಷದ ಕೊನೆಗೆ ಐವರೂ ಚದುರಿಹೋದರು. ಆ ಮುದ್ರಣ ಬೆಳಕು ಕಂಡದ್ದು 1999ರಲ್ಲಿ.

ಇದನ್ನು ಓದಿದಾಗ ನನಗೆ ನಮ್ಮ ಮನೆಗಳ ನೆನಪಾಯಿತು. ಬಾಗಿಲ ಮೇಲಿನ ಫಲಕದಲ್ಲಿ ಒಂದು ಹೆಸರು. ಒಳಗೆ ಎಷ್ಟೋ ಕೈಗಳು. ಹೆಸರು ಬೇಕೆಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳದೆ ಉಳಿದದ್ದು ಎಲ್ಲೋ ಒಂದು ಕಡೆ ಮಾತು ಬಿಡುವುದರಲ್ಲಿ ಮುಗಿಯುತ್ತದೆ.

ಮೆಕ್‌ಲಾಫ್ಲಿನ್ ಆಮೇಲೆ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಅವರೊಡನೆ ‘ಶಕ್ತಿ’ ಎಂಬ ವೃಂದದಲ್ಲಿ ನೆಲದ ಮೇಲೆ ಕುಳಿತು ನುಡಿಸಿದರು. ಅದರ ಮೊದಲ ಮುದ್ರಿಕೆ 1976ರಲ್ಲಿ ಬಂತು. ನಮ್ಮ ಕಿವಿಗೆ ಅದು ಹೆಚ್ಚು ಹತ್ತಿರ, ಒಪ್ಪುತ್ತೇನೆ. ಆದರೂ ಬೇಳೆ ಬೇಯುವ ಹೊತ್ತಿಗೆ ಈಗ ನಾನೇ ಹಾಕಿಕೊಳ್ಳುವುದು ಆ ತಾವರೆಯ ತೊರೆಯನ್ನೇ. ಮೂವರು ಒಬ್ಬರನ್ನೊಬ್ಬರು ಕಾಯುತ್ತಿದ್ದ ಆ ಗಳಿಗೆ ಅದರಲ್ಲಿ ಹಾಗೆಯೇ ಉಳಿದಿದೆ.