ಕೊಬ್ಬಿದ ಕರು ಯಾರ ಪಾಲಿನದು?

ಲೂಕನ ಶುಭಸಂದೇಶದ 15ನೇ ಅಧ್ಯಾಯದ ದುಂದುಗಾರ ಮಗನ ಕಥೆ ಕ್ರೈಸ್ತರಲ್ಲದವರಿಗೂ ಗೊತ್ತು. ಅಪ್ಪ ಬದುಕಿರುವಾಗಲೇ ತನ್ನ ಪಾಲು ಕೇಳಿ ಪಡೆದು, ಪರದೇಶದಲ್ಲಿ ಎಲ್ಲವನ್ನೂ ಉಡಾಯಿಸಿ, ಹಂದಿ ಮೇಯಿಸುವ ಗತಿಗೆ ಬಂದು ಮನೆಗೆ ಮರಳುವ ಕಿರಿಯ ಮಗ. ಅವನನ್ನು ದೂರದಿಂದಲೇ ಕಂಡು, ವಯಸ್ಸು ಮರ್ಯಾದೆ ಯಾವುದನ್ನೂ ಲೆಕ್ಕಿಸದೆ ಓಡಿಹೋಗಿ ತಬ್ಬಿಕೊಳ್ಳುವ ಅಪ್ಪ. ದಾರಿಯುದ್ದಕ್ಕೂ ಉರುಹೊಡೆದುಕೊಂಡು ಬಂದ ತಪ್ಪೊಪ್ಪಿಗೆಯನ್ನು ಪೂರ್ತಿ ಹೇಳಿ ಮುಗಿಸಲೂ ಅಪ್ಪ ಬಿಡುವುದಿಲ್ಲ. ದೇವರ ಕರುಣೆಯ ಬಗ್ಗೆ ಕ್ರೈಸ್ತರು ಹೇಳಿದ್ದರಲ್ಲೆಲ್ಲ ಇದಕ್ಕಿಂತ ಎತ್ತರದ ಮಾತು ನನಗೆ ಕಂಡಿಲ್ಲ.

ಆದರೆ ಹಬ್ಬದೂಟಕ್ಕೆ ಕೊಯ್ದ ಆ ಕೊಬ್ಬಿದ ಕರು ಯಾರದು? ಮನೆ ಪಾಲಾಗಿತ್ತು. ಉಳಿದದ್ದೆಲ್ಲ ನಿನ್ನದೇ ಎಂದು ಅಪ್ಪನೇ ಹಿರಿಯ ಮಗನಿಗೆ ಹೇಳುತ್ತಾನೆ. ಅಂದಮೇಲೆ ಕಿರಿಯನ ಸ್ವಾಗತದ ಖರ್ಚು ಬಿದ್ದದ್ದು ಹಿರಿಯನ ಪಾಲಿನ ಮೇಲೆ. ಅವನನ್ನು ಯಾರೂ ಕೇಳಲಿಲ್ಲ. ಹೊಲದಿಂದ ಬರುವಾಗ ವಾದ್ಯದ ಸದ್ದು ಕಿವಿಗೆ ಬಿದ್ದು, ಆಳನ್ನು ವಿಚಾರಿಸಿ ತಿಳಿದುಕೊಳ್ಳಬೇಕಾಯಿತು. ಅವನು ಕೊನೆಗೆ ಒಳಗೆ ಬಂದನೋ ಇಲ್ಲವೋ ಎಂಬುದನ್ನು ಕಥೆ ಹೇಳುವುದೇ ಇಲ್ಲ. ಪ್ರಬೋಧನೆಗಳಲ್ಲಿ ಅವನಿಗೆ ಸಾಮಾನ್ಯವಾಗಿ ಸಿಗುವುದು ಹೊಟ್ಟೆಕಿಚ್ಚಿನವನೆಂಬ ಬಿರುದು. ನನಗೆ ಮಾತ್ರ, ಕರುಣೆಯ ಪರಂಪರೆಯ ದೊಡ್ಡ ಕೊರತೆ ಅವನು ನಿಂತ ಆ ಹೊರಬಾಗಿಲಲ್ಲೇ ಕಾಣುತ್ತದೆ. ಪಾಪಿಯಿಂದ ದೇವರವರೆಗಿನ ದಾರಿಯನ್ನು ಈ ಪರಂಪರೆ ಬಹಳ ಚೆನ್ನಾಗಿ ಕಟ್ಟಿತು. ಆ ಪಾಪದ ಏಟು ತಿಂದ ಮೂರನೆಯವರನ್ನು ಮತ್ತೆ ಮತ್ತೆ ಮರೆಯಿತು.

ಮೂಲದಲ್ಲಿ ಈ ಮರೆವು ಇರಲಿಲ್ಲ. ಕಾಣಿಕೆ ಹಿಡಿದು ಬಲಿಪೀಠದ ಹತ್ತಿರ ಬಂದವನಿಗೆ, ನಿನ್ನ ಮೇಲೆ ಸೋದರನಿಗೆ ಬೇಸರವಿದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂದು ಮತ್ತಾಯನ ಯೇಸು ಕಟ್ಟುನಿಟ್ಟಾಗಿ ಹೇಳುತ್ತಾನೆ. ಸುಂಕದ ಜಕ್ಕಾಯ ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಎಂದ ಮೇಲೆಯೇ ಅವನ ಮನೆಗೆ ರಕ್ಷಣೆ ಬಂತೆಂಬ ಮಾತು ಬರುತ್ತದೆ.

ಮೊದಲ ಶತಮಾನಗಳ ಧರ್ಮಸಭೆಯ ದೊಡ್ಡ ಜಗಳಗಳಲ್ಲೊಂದು ಕ್ಷಮೆ ಎಷ್ಟು ಸಲ, ಯಾರಿಗೆ ಎಂಬುದರ ಮೇಲೆ ನಡೆಯಿತು. 250ರಲ್ಲಿ ಚಕ್ರವರ್ತಿ ಡೇಸಿಯಸ್ ಎಲ್ಲರೂ ರೋಮಿನ ದೇವತೆಗಳಿಗೆ ಬಲಿ ಕೊಟ್ಟು ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಮಾಡಿದಾಗ ಅನೇಕ ಕ್ರೈಸ್ತರು ಹೆದರಿ ಬಲಿ ಕೊಟ್ಟರು. ಕೆಲವರು ಲಂಚ ಕೊಟ್ಟು ಬರೀ ಪತ್ರ ಕೊಂಡರು. ಆ ಪ್ರಮಾಣಪತ್ರಗಳಲ್ಲಿ ಕೆಲವು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಗಂಡಾಂತರ ಕಳೆದ ಮೇಲೆ ಇವರೆಲ್ಲ ವಾಪಸ್ ಬಂದರು. ಸೇರಿಸಲೇಬಾರದೆಂದ ನೊವೇಷಿಯನ್ ಬೇರೆ ಪಂಗಡವನ್ನೇ ಕಟ್ಟಿದ. ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳೋಣ ಎಂದ ಕಾರ್ಥೇಜಿನ ಸಿಪ್ರಿಯನ್ ಮತ್ತು ರೋಮಿನ ಕೊರ್ನೇಲಿಯಸ್ ಗೆದ್ದರು. ಸರಿಯಾದವರೇ ಗೆದ್ದರು. ಆದರೆ ಅಲ್ಲಿ ಚರ್ಚೆಯಾದದ್ದು ದೇವರಿಗೆ ಬಗೆದ ದ್ರೋಹ. ಮನುಷ್ಯನಿಗೆ ಬಗೆದ ದ್ರೋಹ ಬಂದಾಗಲೂ ಅದೇ ಅಚ್ಚು ಬಳಕೆಯಾಯಿತು.

390ರಲ್ಲಿ ಥೆಸಲೊನಿಕದ ಜನ ಗಲಭೆ ಎಬ್ಬಿಸಿ ಸೇನಾಧಿಕಾರಿಯೊಬ್ಬನನ್ನು ಕೊಂದರು. ಚಕ್ರವರ್ತಿ ಥಿಯೊಡೋಸಿಯಸ್‌ನ ಸೈನಿಕರು ಸೇಡಿಗಾಗಿ ಊರಿನ ಸಾವಿರಾರು ಜನರನ್ನು ಕಡಿದುಹಾಕಿದರು. ಮಿಲಾನಿನ ಧರ್ಮಾಧ್ಯಕ್ಷ ಆಂಬ್ರೋಸ್ ಚಕ್ರವರ್ತಿಗೆ ಕಾಗದ ಬರೆದು, ನೀನು ಪ್ರಾಯಶ್ಚಿತ್ತ ಮಾಡದೆ ನಿನ್ನೆದುರು ಬಲಿಪೂಜೆ ಅರ್ಪಿಸಲಾರೆ ಎಂದ. ಥಿಯೊಡೋಸಿಯಸ್ ರಾಜಚಿಹ್ನೆಗಳನ್ನು ತೆಗೆದಿಟ್ಟು ಎಲ್ಲರೆದುರು ಅತ್ತ. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಅವನನ್ನು ಮತ್ತೆ ಸೇರಿಸಿಕೊಂಡರು. ಅಧಿಕಾರದ ಮುಂದೆ ಹೀಗೆ ನಿಂತ ಧರ್ಮಗುರುಗಳು ಯಾವ ಕಾಲದಲ್ಲೂ ಕಡಿಮೆ. ಆದರೂ ಈ ಕಥೆಯೆಲ್ಲ ನಡೆಯುವುದು ಮಿಲಾನಿನಲ್ಲಿ, ಹೆಣ ಬಿದ್ದದ್ದು ಥೆಸಲೊನಿಕದಲ್ಲಿ. ಅಲ್ಲಿಯ ವಿಧವೆಯರಿಗೆ, ಅನಾಥರಿಗೆ ಏನು ಸಿಕ್ಕಿತೆಂದು ಆಂಬ್ರೋಸನೂ ಕೇಳಿದಂತಿಲ್ಲ. ಮರಣದಂಡನೆಯ ಆಜ್ಞೆಗೂ ಜಾರಿಗೂ ನಡುವೆ 30 ದಿನದ ತಡೆ ಇರಬೇಕೆಂಬ ಕಾನೂನು ಇದರಿಂದ ಹುಟ್ಟಿತೆಂದು ಹಳೆಯ ಇತಿಹಾಸಕಾರರು ಹೇಳುತ್ತಾರೆ. ಅದು ಮುಂದಿನವರಿಗೆ ಆಸರೆ, ಸತ್ತವರ ಮನೆಯವರಿಗಲ್ಲ.

ವಿಚಿತ್ರವೆಂದರೆ, ಕರುಣೆಗೆ ದೂರವಾದದ್ದೆಂದು ನಾವು ಮೂಗು ಮುರಿಯುವ ಐರಿಷ್ ಸನ್ಯಾಸಿಗಳ ಪ್ರಾಯಶ್ಚಿತ್ತ ಪುಸ್ತಕಗಳಲ್ಲಿ ಈ ಮೂರನೆಯವನು ಇದ್ದಾನೆ. ಆರನೇ ಶತಮಾನದಿಂದ ಬಂದ ಈ ಪುಸ್ತಕಗಳು ಪಾಪಕ್ಕೊಂದು ದರಪಟ್ಟಿ ಕಟ್ಟಿದವು: ಇಂಥದ್ದಕ್ಕೆ ಇಷ್ಟು ದಿನ, ಇಂಥದ್ದಕ್ಕೆ ಇಷ್ಟು ವರ್ಷ ಬರೀ ರೊಟ್ಟಿ, ನೀರು. ಓದಿದರೆ ಸುಂಕದ ಕಟ್ಟೆಯ ಲೆಕ್ಕದಂತಿವೆ. ಆದರೆ ಆ ಸನ್ಯಾಸಿಗಳಲ್ಲೊಬ್ಬನಾದ ಕೊಲಂಬಾನುಸನ ಪುಸ್ತಕದಲ್ಲಿ ಒಂದು ವಿಧಿ ಇದೆ. ಜಗಳದಲ್ಲಿ ಇನ್ನೊಬ್ಬನನ್ನು ಗಾಯಗೊಳಿಸಿದವನು ಆದ ನಷ್ಟ ಕಟ್ಟಿಕೊಡಬೇಕು. ಕೊಡಲು ಕೈಯಲ್ಲಿ ಏನೂ ಇಲ್ಲದಿದ್ದರೆ, ಗಾಯಾಳು ಮಲಗಿರುವಷ್ಟು ಕಾಲ ಅವನ ಕೆಲಸವನ್ನು ತಾನು ಮಾಡಬೇಕು, ವೈದ್ಯನನ್ನೂ ಕರೆಸಬೇಕು. ಅವನು ಎದ್ದು ಓಡಾಡುವಂತಾದ ಮೇಲೆ 40 ದಿನದ ರೊಟ್ಟಿ-ನೀರಿನ ಪ್ರಾಯಶ್ಚಿತ್ತ. ಮೊದಲು ಗಾಯ, ಆಮೇಲೆ ಪಾಪ. ನೂರು ಭಕ್ತಿಗ್ರಂಥಗಳಿಗಿಂತ ಈ ವಿಧಿಯಲ್ಲಿ ನನಗೆ ಹೆಚ್ಚು ಕರುಣೆ ಕಾಣುತ್ತದೆ.

1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ವಿಧಿಸಿ, ಗುರು ಅದರ ಗುಟ್ಟನ್ನು ಬಿಟ್ಟುಕೊಡಬಾರದೆಂದೂ ಹೇಳಿತು. 16ನೇ ಶತಮಾನದಲ್ಲಿ ಮಿಲಾನಿನ ಚಾರ್ಲ್ಸ್ ಬೊರೊಮಿಯೊ ಗುರುವಿಗೂ ನಿವೇದಿಸುವವನಿಗೂ ನಡುವೆ ಜಾಲಂಧರದ ಪೀಠವನ್ನು ಬಳಕೆಗೆ ತಂದ. ಮಾನಹೋಗುವ ಭಯವಿಲ್ಲದೆ ಬಾಯಿಬಿಡಲು ಇದು ಜನರಿಗೆ ಕೊಟ್ಟ ಧೈರ್ಯ ಸಣ್ಣದಲ್ಲ. ಜೊತೆಗೆ ಕ್ಷಮೆ ಎಂಬುದು ಇಬ್ಬರ ಪಿಸುಮಾತೂ ಆಯಿತು. ಕ್ಷಮಾಪತ್ರಗಳ ವ್ಯಾಪಾರದ ವಿರುದ್ಧ 1517ರಲ್ಲಿ ಲೂಥರ್ ಎದ್ದ ಕಥೆ ಶಾಲಾಪುಸ್ತಕದಲ್ಲೇ ಇದೆ, ಇಲ್ಲಿ ಮತ್ತೆ ಹೇಳಬೇಕಿಲ್ಲ. ಅವನು ನಡುವಿನ ದಲ್ಲಾಳಿಯನ್ನು ತೆಗೆದುಹಾಕಿದ. ಆದರೆ ಅವನ ದೊಡ್ಡ ಪ್ರಶ್ನೆಯೂ ನಾನು ದೇವರ ಮುಂದೆ ಹೇಗೆ ನಿಲ್ಲಲಿ ಎಂಬುದೇ ಆಗಿತ್ತು.

ಅದೇ ಶತಮಾನದಲ್ಲಿ ಪಾಪನಿವೇದನೆಯ ಪೀಠವನ್ನೇ ನ್ಯಾಯದ ಕಟ್ಟೆ ಮಾಡಿದವನು ಸ್ಪೇನಿನ ಬಾರ್ತೊಲೊಮೆ ದೆ ಲಾಸ್ ಕಾಸಾಸ್. ಕ್ಯೂಬಾದಲ್ಲಿ ತನಗೆ ಸಿಕ್ಕಿದ್ದ ಮೂಲನಿವಾಸಿಗಳ ಬಿಟ್ಟಿ ದುಡಿಮೆಯನ್ನು 1514ರಲ್ಲಿ ಬಿಟ್ಟುಕೊಟ್ಟು, ಮುಂದೆ ಮೆಕ್ಸಿಕೊದ ಚಿಯಾಪಸ್‌ನ ಧರ್ಮಾಧ್ಯಕ್ಷನಾದವನು. ಗುರುಗಳಿಗಾಗಿ ಅವನು ಬರೆದ ನಿಯಮಗಳು 1552ರಲ್ಲಿ ಸೆವಿಲ್‌ನಲ್ಲಿ ಅಚ್ಚಾದವು. ಮೂಲನಿವಾಸಿಗಳನ್ನು ದುಡಿಸಿಕೊಂಡು ಕೊಬ್ಬಿದ ಜಮೀನ್ದಾರ ಸಾಯುವಾಗ ಪಾಪನಿವೇದನೆಗೆ ಕರೆಕಳಿಸಿದರೆ, ಗುರು ಮೊದಲು ನೋಟರಿಯನ್ನು ಕರೆಸಬೇಕು. ಆಸ್ತಿಯನ್ನೆಲ್ಲ ಗುರುವಿನ ಸುಪರ್ದಿಗೆ ಬಿಟ್ಟ ಪತ್ರವಾಗಬೇಕು, ಗುಲಾಮರು ಬಿಡುಗಡೆಯಾಗಬೇಕು, ಕಿತ್ತುಕೊಂಡದ್ದು ಕಳೆದುಕೊಂಡವರಿಗೋ ಅವರ ವಾರಸುದಾರರಿಗೋ ಹೋಗಬೇಕು. ಪಾಪನಿವೇದನೆ ಕೇಳುವುದು ಆಮೇಲೆ. ವಸಾಹತುಗಾರರು ಕೆರಳಿದ್ದರಲ್ಲಿ ಆಶ್ಚರ್ಯವಿಲ್ಲ. 1547ರಲ್ಲಿ ಸ್ಪೇನಿಗೆ ಹೋದವನು ಮತ್ತೆ ಅತ್ತ ಹೋಗಲಿಲ್ಲ. ಇವನೂ ಕಳಂಕವಿಲ್ಲದವನಲ್ಲ. ಮೂಲನಿವಾಸಿಗಳ ಹೊರೆ ಇಳಿಸಲು ಆಫ್ರಿಕನ್ ಗುಲಾಮರನ್ನು ತರಿಸಿ ಎಂದು ಒಮ್ಮೆ ಸಲಹೆ ಕೊಟ್ಟಿದ್ದ. ಅದಕ್ಕಾಗಿ ಮುಂದೆ ತಾನು ಬರೆದ ಇತಿಹಾಸದಲ್ಲಿ ಪಶ್ಚಾತ್ತಾಪಪಟ್ಟ. ಆ ಆಫ್ರಿಕನ್ನರಿಗೆ ಯಾವ ನೋಟರಿಯೂ ಪತ್ರ ಬರೆಯಲಿಲ್ಲ.

ಇಂದು ಕರುಣೆ ಎಂದೊಡನೆ ಕಥೋಲಿಕರ ಕಣ್ಣಿಗೆ ಬರುವುದು ಎದೆಯಿಂದ ಕೆಂಪು, ಬಿಳಿ ಕಿರಣ ಹೊಮ್ಮುವ ಯೇಸುವಿನ ಚಿತ್ರ. ಪೋಲೆಂಡಿನ ಫೌಸ್ತಿನಾ ಕೊವಾಲ್ಸ್ಕಾ ಎಂಬ ಸನ್ಯಾಸಿನಿಗೆ 1931ರಲ್ಲಿ ಆದ ದರ್ಶನ ಅದು. ಮೂರು ವರ್ಷವೂ ಶಾಲೆ ಕಾಣದೆ, ಮಠದ ಅಡುಗೆಮನೆ, ತೋಟ, ಹೆಬ್ಬಾಗಿಲಿನ ಕೆಲಸ ಮಾಡಿಕೊಂಡಿದ್ದವಳು. 1934ರಲ್ಲಿ ವಿಲ್ನಿಯಸ್‌ನಲ್ಲಿ ಕಾಜಿಮಿರೊವ್ಸ್ಕಿ ಬರೆದ ಮೊದಲ ಚಿತ್ರ ನೋಡಿ, ತಾನು ಕಂಡ ಚೆಲುವು ಇದರಲ್ಲಿಲ್ಲವೆಂದು ಅತ್ತಳಂತೆ. 1938ರಲ್ಲಿ, 33ನೇ ವಯಸ್ಸಿಗೆ ತೀರಿಕೊಂಡಳು. 1959ರಲ್ಲಿ ರೋಮ್ ಈ ಭಕ್ತಿಯ ಪ್ರಚಾರವನ್ನು ತಡೆಯಿತು, 1978ರಲ್ಲಿ ತಡೆ ತೆಗೆಯಿತು. ಅದೇ ವರ್ಷ ಪೋಪ್ ಆದ ಅವಳ ನಾಡಿನ ಎರಡನೇ ಜಾನ್ ಪಾಲ್ 2000ದಲ್ಲಿ ಅವಳನ್ನು ಸಂತಳೆಂದು ಸಾರಿದರು. ಈಗ ಮಂಗಳೂರು, ಬೆಂಗಳೂರಿನ ಚರ್ಚುಗಳಲ್ಲೂ ಮಧ್ಯಾಹ್ನ ಮೂರರ ಪ್ರಾರ್ಥನೆ, ಜಪಸರ ನಡೆಯುತ್ತವೆ. ನರಕದ ಹೆದರಿಕೆಯಲ್ಲಿ ಬೆಳೆದ ತಲೆಮಾರುಗಳಿಗೆ, ನೀನೆಷ್ಟೇ ಕೆಟ್ಟಿದ್ದರೂ ಬಾ ಎಂದ ಈ ಭಕ್ತಿಯ ಉಪಕಾರ ದೊಡ್ಡದು. ಆದರೆ ಆ ಚಿತ್ರದಲ್ಲಿರುವುದು ಯೇಸು ಒಬ್ಬನೇ, ಎದುರಿಗೆ ನಿಂತು ನೋಡುವ ನಾನು. ನಾನು ನೋಯಿಸಿದವರಿಗೆ ಆ ಚೌಕಟ್ಟಿನೊಳಗೂ ಜಾಗವಿಲ್ಲ, ಹೊರಗೂ ಜಾಗವಿಲ್ಲ.

ಇದನ್ನು ಕುಚೋದ್ಯ ಎನ್ನುವವರು ಬಾಸ್ಟನ್ನನ್ನು ನೆನೆಯಬೇಕು. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ ಗುರುಗಳನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡುತ್ತಾ ಬಂದದ್ದು 2002ರಲ್ಲಿ ಪತ್ರಿಕೆಯಿಂದ ಬಯಲಾಗಿ, ವರ್ಷದ ಕೊನೆಗೆ ಅಲ್ಲಿಯ ಕಾರ್ಡಿನಲ್ ಬರ್ನಾರ್ಡ್ ಲಾ ರಾಜೀನಾಮೆ ಕೊಡಬೇಕಾಯಿತು. ಸಂಸ್ಥೆಯ ಮಾನ ಉಳಿಸಿಕೊಳ್ಳುವ ಹಟವೇ ಅಲ್ಲಿ ಮುಖ್ಯವಾಗಿತ್ತು, ನಿಜ. ಆದರೆ ತಪ್ಪಿದವನಿಗೆ ಇನ್ನೊಂದು ಅವಕಾಶ ಎಂಬ ಕರುಣೆಯ ಭಾಷೆ ಆ ಹಟಕ್ಕೆ ಒಳ್ಳೆಯ ಹೊದಿಕೆಯಾಯಿತು. ಪೋಪ್ ಫ್ರಾನ್ಸಿಸ್ 2015ರ ಡಿಸೆಂಬರಿನಿಂದ ಕರುಣೆಯ ವರ್ಷ ಆಚರಿಸಿದಾಗ ಸಂತ್ರಸ್ತರಲ್ಲಿ ಹಲವರಿಗೆ ಆ ಮಾತು ಕಹಿಯಾಗಿ ಕೇಳಿಸಿದ್ದರೆ ತಪ್ಪು ಅವರದಲ್ಲ. ಪಾಪವಿಮೋಚನೆಯಿಂದ ಪಾಪ ಹೋದರೂ ಪಾಪ ಮಾಡಿದ ಹಾನಿ ಹೋಗುವುದಿಲ್ಲ, ಅದನ್ನು ಸರಿಪಡಿಸಬೇಕು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೇ ಹೇಳುತ್ತದೆ. ನಿಯಮ ಪುಸ್ತಕದಲ್ಲಿದೆ; ಪೀಠದಲ್ಲಿ ಎಷ್ಟು ಗುರುಗಳು ಅದನ್ನು ಕೇಳುತ್ತಾರೆ?

ನೊಂದವರೇ ಕ್ಷಮಿಸಿದಾಗ ಆಗುವುದು ಬೇರೆ. ಕೇರಳದಿಂದ ಹೋಗಿ ಮಧ್ಯಪ್ರದೇಶದ ಬಡ ರೈತರ ಪರ ದುಡಿಯುತ್ತಿದ್ದ ಸಿಸ್ಟರ್ ರಾಣಿ ಮರಿಯಾರನ್ನು 1995ರಲ್ಲಿ ಬಸ್ ಪ್ರಯಾಣದ ನಡುವೆ ಇರಿದು ಕೊಲ್ಲಲಾಯಿತು. ಅವರ ತಂಗಿ, ತಾವೂ ಸನ್ಯಾಸಿನಿ, 2002ರಲ್ಲಿ ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. ಅವನ ಬಿಡುಗಡೆಗೂ ಮನೆಯವರು ಒಪ್ಪಿಗೆ ಕೊಟ್ಟರು. ಇಲ್ಲಿ ಕರುಣೆಯ ಬೆಲೆ ಕೊಟ್ಟವರು ತಾವಾಗಿಯೇ ಕೊಟ್ಟರು. ಆದರೆ ಇಂಥ ಉದಾಹರಣೆಯನ್ನು ಇನ್ನೊಬ್ಬ ನೊಂದವರ ಮುಂದೆ ಹಿಡಿದು ನೀವೂ ಹೀಗೆ ಮಾಡಿ ಎಂದರೆ ಅದು ಎರಡನೇ ಏಟು.

ವರ್ಣಭೇದ ಆಳ್ವಿಕೆಯ ಅಪರಾಧಗಳನ್ನು ವಿಚಾರಿಸಿದ ದಕ್ಷಿಣ ಆಫ್ರಿಕದ ಸತ್ಯ ಮತ್ತು ಸಮನ್ವಯ ಆಯೋಗದಲ್ಲಿ ಈ ಬಿಕ್ಕಟ್ಟು ಬೀದಿಗೆ ಬಂತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷರು. ಕಲಾಪಕ್ಕೇ ಪ್ರಾರ್ಥನೆಯ ಬಣ್ಣ. ಪೂರ್ತಿ ಸತ್ಯ ಹೇಳಿದವರಿಗೆ ಕ್ಷಮಾದಾನ ಎಂಬ ಕಾನೂನನ್ನು, 1977ರಲ್ಲಿ ಪೊಲೀಸರ ವಶದಲ್ಲಿದ್ದಾಗ ಸತ್ತ ಹೋರಾಟಗಾರ ಸ್ಟೀವ್ ಬಿಕೊ ಅವರ ಮನೆಯವರು 1996ರಲ್ಲಿ ಸಂವಿಧಾನ ನ್ಯಾಯಾಲಯದಲ್ಲಿ ಪ್ರಶ್ನಿಸಿದರು: ನಮಗಾದ ಅನ್ಯಾಯವನ್ನು ನಮ್ಮನ್ನು ಕೇಳದೆ ಸರ್ಕಾರ ಹೇಗೆ ಮನ್ನಿಸುತ್ತದೆ? ಅವರು ಸೋತರು. ಕ್ಷಮಿಸಲಾರದ ಸಣ್ಣತನ ಎಂದು ಅದನ್ನು ನೋಡಿದವರೂ ಇರಬಹುದು. ನಾನು ಒಪ್ಪುವುದಿಲ್ಲ, ಲಾಸ್ ಕಾಸಾಸ್ ಇದ್ದಿದ್ದರೆ ಅವರ ವಕೀಲನ ಪಕ್ಕದಲ್ಲೇ ಕೂರುತ್ತಿದ್ದ. ಬಿಕೊ ಸಾವಿಗೆ ಸಂಬಂಧಿಸಿದ ಪೊಲೀಸರ ಅರ್ಜಿಗಳನ್ನು 1999ರಲ್ಲಿ ಆಯೋಗವೇ ತಳ್ಳಿಹಾಕಿತು. ಅವರು ಹೇಳಿದ ಕಥೆಯನ್ನು ಅದು ನಂಬಲಿಲ್ಲ.