ನಕಲು ಯಾರ ಅಧಿಕಾರದಲ್ಲಿ?

ಪ್ರೋಗ್ರಾಂ ಒಂದು ಸಿಸ್ಟಂ ಕಾಲ್ ಮಾಡುವಾಗ ಕರ್ನಲ್‌ಗೆ ಸಾಮಾನ್ಯವಾಗಿ ಒಂದು ವಿಳಾಸ ಕೊಡುತ್ತದೆ: ಇಲ್ಲಿಂದ ಓದಿಕೋ, ಅಲ್ಲಿ ಉತ್ತರ ಬರೆ. ಆ ವಿಳಾಸ ಕರ್ನಲ್‌ನ ಸ್ವಂತ ಮೆಮೊರಿಯದ್ದಾದರೆ, ಪ್ರೋಗ್ರಾಂ ತಾನು ಮುಟ್ಟಲಾಗದ್ದನ್ನು ಕರ್ನಲ್ ಕೈಯಿಂದ ಮುಟ್ಟಿಸಿದಂತಾಯಿತು. ಲಿನಕ್ಸ್‌ನಲ್ಲಿ 'ಕಾಪಿ ಫ್ರಮ್ ಯೂಸರ್', 'ಪುಟ್ ಯೂಸರ್' ಮೊದಲಾದ ಕ್ರಿಯೆಗಳು ವಿಳಾಸವನ್ನು ಪರೀಕ್ಷಿಸಿ ಇದನ್ನು ತಡೆಯುತ್ತವೆ. ಇಂಟೆಲ್ ಬ್ರಾಡ್‌ವೆಲ್ ಚಿಪ್‌ಗಳೊಡನೆ ಬಂದ 'ಸ್ಮ್ಯಾಪ್' ಸೇರಿದ ಮೇಲೆ ಕೋಟೆ ಪೂರ್ತಿಯಾಯಿತೆಂಬ ಹೊಗಳಿಕೆ ಮಾತ್ರ ಅತಿಯಾಯಿತು.

ಕರ್ನಲ್ ಅಪ್ಪಿತಪ್ಪಿ ಬಳಕೆದಾರರ ಪುಟಗಳಿಗೆ ಕೈ ಹಾಕದಂತೆ ಸ್ಮ್ಯಾಪ್ ತಡೆಯುತ್ತದೆ. ಬೇಕೆಂದೇ ಮುಟ್ಟುವಾಗ ಒಂದು ಆದೇಶದಿಂದ ತಡೆ ತೆಗೆದು, ಇನ್ನೊಂದರಿಂದ ಮತ್ತೆ ಹಾಕಬೇಕು. ಉತ್ತರದ ಪ್ರತಿ ಅಂಕಣಕ್ಕೂ ಹೀಗೆ ಮಾಡಿದರೆ ವೇಗ ಕುಸಿಯುತ್ತದೆ. ಅದಕ್ಕಾಗಿ ತಡೆಯನ್ನು ಒಮ್ಮೆ ತೆಗೆದು ಹಲವು ಅಂಕಣಗಳನ್ನು ಒಟ್ಟಿಗೆ ಬರೆಯುವ 'ಅನ್‌ಸೇಫ್ ಪುಟ್ ಯೂಸರ್' ಬಂತು. ವಿಳಾಸ ಪರೀಕ್ಷೆಯ ಹೊಣೆ ಕರೆಯುವವರ ತಲೆಗೆ ಬಿತ್ತು.

2017ರ ಲಿನಕ್ಸ್ 4.13ನೇ ಆವೃತ್ತಿಯಲ್ಲಿ, ಮಗು ಪ್ರಕ್ರಿಯೆಗಾಗಿ ಕಾಯುವ 'ವೇಟ್‌ಐಡಿ' ಕರೆಯನ್ನು ಈ ರೀತಿ ತಿದ್ದಿ ಬರೆದರು. ವಿಳಾಸ ನೋಡುವ 'ಆಕ್ಸೆಸ್ ಓಕೆ' ಪರೀಕ್ಷೆ ಬಿಟ್ಟುಹೋಯಿತು. ಮಗು ಪ್ರಕ್ರಿಯೆಯೇ ಇಲ್ಲದೆ ಕರೆ ಸೋತರೂ, ಕೊಟ್ಟ ವಿಳಾಸದಲ್ಲಿ ಕರ್ನಲ್ ಸೊನ್ನೆ ಬರೆದೇ ಬರೆಯುತ್ತಿತ್ತು. ಯುನಿಕ್ಸ್‌ನಲ್ಲಿ ಸೊನ್ನೆಯೇ ರೂಟ್‌ನ ಗುರುತು. ಅದು ಪ್ರಕ್ರಿಯೆಯ ಬಳಕೆದಾರ ಸಂಖ್ಯೆಯ ಮೇಲೆ ಬಿದ್ದರೆ ಯಂತ್ರವೇ ಕೈವಶ. ಸ್ಮ್ಯಾಪ್ ಸುಮ್ಮನಿತ್ತು, ಏಕೆಂದರೆ ಬರೆದದ್ದು ಕರ್ನಲ್‌ನದೇ ಪುಟಕ್ಕೆ. ಕಾವಲಿನ ವೆಚ್ಚ ಉಳಿಸಲು ಮಾಡಿದ ದಾರಿಯೇ ಕಂಡಿಯಾಯಿತು. ತಿದ್ದುಪಡಿಯಾಗಿ ಬಿಟ್ಟುಹೋದ ಪರೀಕ್ಷೆ ಅದೇ ವರ್ಷ ಸೇರಿತು, 2019ರ 5.0ರಲ್ಲಿ ತಡೆ ತೆಗೆಯುವ ಕ್ರಿಯೆಯೊಳಗೇ ಪರೀಕ್ಷೆಯನ್ನು ಹುದುಗಿಸಲಾಯಿತು.

ಇದನ್ನು ಪ್ರೋಗ್ರಾಮರನ ಮರೆವೆಂದು ತಳ್ಳಿಹಾಕುವವರಿದ್ದಾರೆ. ಮರೆಯಲು ಎಡೆಕೊಟ್ಟ ವಿನ್ಯಾಸದ ಗೊಡವೆ ಅವರಿಗಿಲ್ಲ. ಸಿ ಭಾಷೆಯನ್ನೇ ದೂರುವ ಇನ್ನೊಂದು ಬಣದ ವಾದವೂ ಅರ್ಧ ಸತ್ಯ: ಭಾಷೆ ಪರೀಕ್ಷೆಯನ್ನು ಕಡ್ಡಾಯ ಮಾಡಬಹುದು, ಆದರೆ ಕರ್ನಲ್ ತನ್ನ ಪೂರ್ಣ ಅಧಿಕಾರದಲ್ಲೇ ಬೇರೆಯವರ ಪರವಾಗಿ ಬರೆಯುವ ಮೂಲದೋಷ ಹಾಗೇ ಉಳಿಯುತ್ತದೆ.

ಆ ದೋಷ ಹಳೆಯದು. ಮಿಶಿಗನ್‌ನ ಆನ್ ಆರ್ಬರ್‌ನ ವಿಶ್ವವಿದ್ಯಾಲಯದಲ್ಲಿ 1967ರಿಂದ ಎಂಟಿಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಐಬಿಎಂ 360/67ರ ಮೇಲೆ ಓಡಿತು. ಆ ಯಂತ್ರದಲ್ಲಿ ಮೆಮೊರಿಯ ತುಂಡುಗಳಿಗೆ ನಾಲ್ಕು ಬಿಟ್‌ನ ಕೀಲಿ ಸಂಖ್ಯೆ. ಕೀಲಿ ಸೊನ್ನೆಯಾದರೆ ಎಲ್ಲವೂ ಮುಕ್ತ. ಸೊನ್ನೆ ಹಿಡಿದ ಮೇಲ್ವಿಚಾರಕನಿಗೆ ಯಂತ್ರಾಂಶದ ತಡೆಯಿಲ್ಲ. ವಿಳಾಸವನ್ನು ತಾನೇ ನೋಡಿಕೊಳ್ಳಬೇಕು. ಸಿಸ್ಟಂ/370 ಸಾಲಿಗೆ ಮುಂದೆ ಐಬಿಎಂ ಸೇರಿಸಿದ್ದು, ಹೇಳಿದ ಕೀಲಿಯ ಅಧಿಕಾರದಲ್ಲೇ ನಕಲು ಮಾಡುವ ಆದೇಶ. 1975ರ ಆರನೇ ಆವೃತ್ತಿಯ ಯುನಿಕ್ಸ್ ಕೂಡ ಪಿಡಿಪಿ-11ರಲ್ಲಿ ಬಳಕೆದಾರನ ವಿಳಾಸ ನಕ್ಷೆಯ ಮೂಲಕವೇ ಓದುತ್ತಿತ್ತು. ಅಲ್ಲಿ ಕರ್ನಲ್‌ನ ವಿಳಾಸವನ್ನು ಹೆಸರಿಸುವುದಕ್ಕೇ ಆಗದು.

ಇಂದು ಅದೇ ಜಾಣತನ ಆರ್ಮ್ 64ರ 'ಎಲ್‌ಡಿಟಿಆರ್', 'ಎಸ್‌ಟಿಟಿಆರ್' ಆದೇಶಗಳಲ್ಲಿದೆ. ಅವನ್ನು ಕರ್ನಲ್ ಓಡಿಸಿದರೂ ಯಂತ್ರಾಂಶ ಬಳಕೆದಾರನ ಹಕ್ಕನ್ನಷ್ಟೇ ಕೊಡುತ್ತದೆ. ಪರೀಕ್ಷೆ ಮರೆತರೆ ಸಿಗುವುದು ಫಾಲ್ಟ್, ರೂಟ್ ಅಲ್ಲ. ಸ್ಮ್ಯಾಪ್‌ಗೆ ಸಿಕ್ಕ ಪ್ರಶಂಸೆಯ ಕಾಲುಭಾಗವೂ ಇದಕ್ಕೆ ಸಿಕ್ಕಿಲ್ಲ.

ಒಂದು ಕೊರತೆ ಇದಕ್ಕೂ ಇದೆ. ಬಳಕೆದಾರನ ಮೆಮೊರಿಯಲ್ಲಿರುವ ದತ್ತಾಂಶದ ಉದ್ದವನ್ನು ಕರ್ನಲ್ ಒಮ್ಮೆ ಓದಿ ಪರೀಕ್ಷಿಸಿ, ಬಳಸುವಾಗ ಮತ್ತೆ ಓದಿದರೆ, ನಡುವೆ ಇನ್ನೊಂದು ಥ್ರೆಡ್ ಅದನ್ನು ಬದಲಿಸಬಹುದು. ಎರಡೂ ಓದು ಬಳಕೆದಾರನ ಹಕ್ಕಿನೊಳಗೇ ಇರುವುದರಿಂದ ಯಾವ ಆದೇಶವೂ ಹಿಡಿಯದು. ಒಂದೇ ಸಲ ನಕಲಿಸಿ, ಪರೀಕ್ಷೆ ಬಳಕೆ ಎರಡನ್ನೂ ಕರ್ನಲ್‌ನೊಳಗಿನ ಆ ಪ್ರತಿಯ ಮೇಲೇ ಮಾಡಬೇಕು.